ಅವಳ ಕಿವಿಯ ಬಗ್ಗೆ ನಾನು ಹೇಳಿದ ಸುಳ್ಳು

ನನ್ನ ಹೆಂಡತಿಗೆ ಸಂಗೀತದ ಕಿವಿ ಇಲ್ಲವೆಂದು ಅವಳನ್ನು ನಂಬಿಸಿದವನು ನಾನು. ಹೇಳುವಾಗಲೇ ಅದು ಸುಳ್ಳೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಬಾಯಿ ತಪ್ಪಿ ಬಂದ ಮಾತಲ್ಲ — ಮೂಡುಬಿದಿರೆಯಿಂದ ಬೆಳ್ತಂಗಡಿಯವರೆಗೆ ಸ್ಕೂಟರಿನಲ್ಲಿ ಬರುತ್ತಾ, ಹೇಗೆ ಹೇಳಿದರೆ ಅವಳು ಮತ್ತೆ ಕೇಳುವುದಿಲ್ಲ ಎಂದು ಯೋಚಿಸಿ ಆರಿಸಿಕೊಂಡ ಮಾತು. ಹತ್ತು ವರ್ಷಕ್ಕೂ ಮೇಲಾಯಿತು. ಅಷ್ಟೂ ವರ್ಷ ಅವಳು ಅದನ್ನು ನಂಬಿಕೊಂಡೇ ಇದ್ದಳು.

ನನಗೆ ಬೆಳ್ತಂಗಡಿಯಲ್ಲಿ ಇನ್ವರ್ಟರ್, ಬ್ಯಾಟರಿಗಳ ಅಂಗಡಿ ಇದೆ. ಕಾಲೇಜಿನ ದಿನಗಳಿಂದ ಗಿಟಾರಿನ ಹುಚ್ಚು. ಕೈಯಲ್ಲಿ ಸ್ವಲ್ಪ ದುಡ್ಡು ಓಡಾಡತೊಡಗಿದ ಮೇಲೆ, ಮದುವೆಯಾಗಿ ಮಗಳೂ ಹುಟ್ಟಿದ ಮೇಲೆ, ಯಾರೋ ಬಳಸಿ ಬಿಟ್ಟ ಎಲೆಕ್ಟ್ರಿಕ್ ಗಿಟಾರೊಂದನ್ನು ಕೊಂಡೆ. ಭಾನುವಾರ ಬೆಳಿಗ್ಗೆ ಮೂಡುಬಿದಿರೆಗೆ ಪಾಠಕ್ಕೆ ಹೋಗತೊಡಗಿದೆ. ಅಲ್ಬನ್ ಮಾಸ್ಟ್ರು ಬಹಳ ವರ್ಷ ಮಸ್ಕತ್ತಿನ ಹೋಟೆಲುಗಳಲ್ಲಿ ನುಡಿಸಿ ಊರಿಗೆ ಮರಳಿದವರು. ಬಟ್ಟೆಯಂಗಡಿಯೊಂದರ ಮೇಲಿನ ಕೋಣೆಯಲ್ಲಿ ಪಾಠ. ಕಲಿಯುವವರಲ್ಲಿ ಹೆಚ್ಚಿನವರು ಶಾಲೆಯ ಮಕ್ಕಳು, ಅವರ ನಡುವೆ ಮೂವತ್ತು ದಾಟಿದ ನಾನು. ನಾಚಿಕೆ ಇರಲಿಲ್ಲ. ಅಂಗಡಿಗೆ ಬಂದ ಗಿರಾಕಿಗಳಿಗೂ ಹೇಳಿಕೊಳ್ಳುತ್ತಿದ್ದೆ — ಗಿಟಾರು ಕಲಿಯುತ್ತಿದ್ದೇನೆ ಎಂದು.

ಮೊದಲ ತಿಂಗಳುಗಳು ಚೆನ್ನಾಗಿಯೇ ಸಾಗಿದವು. ನಾನು ಸಿಕ್ಕಿಬಿದ್ದದ್ದು ತಂತಿ ಬಗ್ಗಿಸುವ ಪಾಠದಲ್ಲಿ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಗಿಟಾರಿನ ಕತ್ತಿನ ಮೇಲೆ ಅಡ್ಡಕ್ಕೆ ಲೋಹದ ಗೆರೆಗಳಿರುತ್ತವೆ. ಎರಡು ಗೆರೆಗಳ ನಡುವಿನ ಜಾಗವನ್ನು ಮಾಸ್ಟ್ರು 'ಮನೆ' ಎನ್ನುತ್ತಿದ್ದರು. ಒಂದು ಮನೆಯಲ್ಲಿ ತಂತಿ ಒತ್ತಿ ಮೀಟಿ, ಬೆರಳು ತೆಗೆಯದೆ ಆ ತಂತಿಯನ್ನೇ ಮೇಲಕ್ಕೆ ದೂಡಬೇಕು. ತಂತಿ ಬಿಗಿಯಾದ ಹಾಗೆ ಸ್ವರ ಏರುತ್ತದೆ, ಎರಡು ಮನೆ ಆಚೆಯ ಸ್ವರವನ್ನು ಹೋಗಿ ಮುಟ್ಟುತ್ತದೆ. ಮುಟ್ಟಬೇಕು. ಸ್ವಲ್ಪ ಕಡಿಮೆಯಾದರೆ ಅಳುವ ಸದ್ದು, ಹೆಚ್ಚಾದರೆ ಕಿರುಚಿದ ಸದ್ದು. ಎಲ್ಲಿ ನಿಲ್ಲಬೇಕೆಂದು ತೋರಿಸಲು ಅಲ್ಲಿ ಯಾವ ಗುರುತೂ ಇಲ್ಲ. ಕಿವಿಯೇ ಹೇಳಬೇಕು.

ನನ್ನ ಕಿವಿ ಹೇಳುತ್ತಿರಲಿಲ್ಲ. ಬೆರಳ ತುದಿ ಸುಲಿದು ಹೋಯಿತು, ತಂತಿ ಉಗುರಿನ ಕೆಳಗೆ ನುಸುಳಿ ಪಕ್ಕದ ತಂತಿಗೆ ಬಡಿಯಿತು, ಸ್ವರ ಮಾತ್ರ ಅರ್ಧ ದಾರಿಯಲ್ಲಿ ನಿಲ್ಲುತ್ತಿತ್ತು. ಮಾಸ್ಟ್ರು ಪ್ರತಿ ವಾರ ಅದನ್ನೇ ಹೇಳುತ್ತಿದ್ದರು, "ದಿನೇಶ್, ಬೆರಳಲ್ಲಿ ದೂಡ್ಬೇಡಿ ಮಾರಾಯ್ರೆ, ಮಣಿಕಟ್ಟು ತಿರುಗಿಸಿ." ನಾನು ಮತ್ತೂ ಗಟ್ಟಿಯಾಗಿ ಬೆರಳಲ್ಲೇ ದೂಡುತ್ತಿದ್ದೆ.

ಮನೆಯಲ್ಲಿ ಜಯಶ್ರೀ — ನನ್ನ ಹೆಂಡತಿ — ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಳು. ಅವಳು ಆಗ ಪೇಟೆಯ ಒಂದು ಮೆಡಿಕಲ್ ಶಾಪಿನಲ್ಲಿ ಕೆಲಸಕ್ಕಿದ್ದಳು, ಸಂಜೆ ಬಂದು ಮಗಳಿಗೆ ಉಣಿಸಿ ಅಡುಗೆಗೆ ನಿಲ್ಲುವಳು. ಸಂಗೀತ ಕಲಿತವಳಲ್ಲ. ಒಂದು ದಿನ ಒಳಗಿನಿಂದಲೇ ಹೇಳಿದಳು, "ಮುಟ್ಲಿಲ್ಲ. ಇನ್ನೂ ಸ್ವಲ್ಪ ಉಂಟು." ನಾನು ನಕ್ಕೆ. ಮತ್ತೆ ಎಳೆದೆ. "ಈಗ ಹೆಚ್ಚಾಯ್ತು." ಫೋನಿನಲ್ಲಿ ಶ್ರುತಿ ತೋರಿಸುವ ಆ್ಯಪ್ ಒಂದು ಇತ್ತು. ಅದನ್ನು ಎದುರಿಗಿಟ್ಟು ಪರೀಕ್ಷಿಸಿದೆ — ಅವಳಿಗೆ ತಿಳಿಸದೆ. ಮುಳ್ಳು ಪ್ರತಿ ಸಲವೂ ಅವಳು ಹೇಳಿದ ಕಡೆಗೇ ನಿಂತಿತು. ಬೆನ್ನು ಹಾಕಿ ಮೀನು ಹುರಿಯುತ್ತಿದ್ದವಳು, ಎಣ್ಣೆಯ ಚುರುಚುರು ಸದ್ದಿನ ನಡುವೆ, ನನ್ನ ಸ್ವರದ ತಪ್ಪು ಹೇಳುತ್ತಿದ್ದಳು!

ಆ ಹೊತ್ತಿಗೆ ನನಗೆ ಹೆಮ್ಮೆಯಾಗಬೇಕಿತ್ತು. ಆದದ್ದು ಬೇರೆಯೇ. ಮರುದಿನದಿಂದ ಕೋಣೆಯ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡತೊಡಗಿದೆ.

ಕೆಲವು ವಾರಗಳ ನಂತರ, ಊಟಕ್ಕೆಂದು ಮಧ್ಯಾಹ್ನ ಮನೆಗೆ ಬಂದೆ. ಅವಳಿಗೆ ಆ ದಿನ ರಜೆ. ಜಗಲಿಗೆ ಕಾಲಿಡುವಾಗ ಒಳಗೆ ಗಿಟಾರಿನ ಸದ್ದು ಕೇಳಿತು. ಒಂದೇ ಸ್ವರ. ಅದು ಮೆಲ್ಲಗೆ ಏರಿತು — ತಡವರಿಸಲಿಲ್ಲ — ಹೋಗಿ ಮುಟ್ಟಿತು, ಮುಟ್ಟಿದಲ್ಲೇ ನಿಂತಿತು, ನಿಂತು ಸಣ್ಣಗೆ ನಡುಗಿತು. ಆ ನಡುಕವನ್ನು ನಮಗೆ ಇನ್ನೂ ಕಲಿಸಿಯೇ ಇರಲಿಲ್ಲ. ಚಪ್ಪಲಿ ಬಿಚ್ಚದೆ ಹಾಗೇ ನಿಂತೆ. ನನ್ನ ಗಿಟಾರು, ನನ್ನ ಭಾನುವಾರಗಳು, ನನ್ನ ಸುಲಿದ ಬೆರಳು… ಅವಳಿಗೆ ಯಾಕೆ ಇದು ಸಿಕ್ಕಿತು? ಬಯಸಿದವನು ನಾನು. ಅವಳು ಬಯಸಿಯೂ ಇರಲಿಲ್ಲವಲ್ಲ.

ನನ್ನನ್ನು ನೋಡಿ ಗಾಬರಿಯಿಂದ ಎದ್ದಳು. ಕೆನ್ನೆ ಕೆಂಪಾಗಿತ್ತು.

"ಸುಮ್ನೆ ನೋಡಿದ್ದು ಅಷ್ಟೆ. ನಿಮಗೆ ಬೇಜಾರಾಯ್ತಾ?"

"ಎಂತ ಬೇಜಾರು," ಎಂದೆ. "ಅದು ಹೇಗೆ ಮಾಡಿದ್ದು?"

"ಬೆರಳಲ್ಲಿ ದೂಡಿದ್ರೆ ಆಗುವುದಿಲ್ಲ. ಕೈ ತಿರುಗಿಸ್ಬೇಕು. ಸಿರಪ್ ಬಾಟ್ಲಿಯ ಮುಚ್ಚಳ ತಿರುಗಿಸ್ತೇವಲ್ಲ, ಹಾಗೆ."

ಮಾಸ್ಟ್ರು ತಿಂಗಳುಗಟ್ಟಲೆ ನನಗೆ ಹೇಳುತ್ತಿದ್ದದ್ದು ಇದನ್ನೇ. ಅವಳಿಗೆ ಯಾರೂ ಹೇಳಿರಲಿಲ್ಲ.

ಆಮೇಲೆ ಅವಳು, ನನ್ನ ಮುಖ ನೋಡದೆ, ಸೆರಗಿನ ತುದಿ ಹಿಡಿದುಕೊಂಡು ಕೇಳಿದಳು — ಫೋನಿನಲ್ಲಿ ಸ್ವಲ್ಪ ರೆಕಾರ್ಡ್ ಮಾಡಿದ್ದೇನೆ, ಮಾಸ್ಟ್ರಿಗೆ ಒಮ್ಮೆ ಕೇಳಿಸುತ್ತೀರಾ, ನನ್ನಂಥವರಿಗೂ ಬರುತ್ತದಾ ಎಂದು ವಿಚಾರಿಸುತ್ತೀರಾ, ಎಂದು. ಮದುವೆಯಾದ ಮೇಲೆ ಅವಳು ತನಗಾಗಿ ನನ್ನಲ್ಲಿ ಏನನ್ನಾದರೂ ಕೇಳಿದ್ದು ಅದೇ ಮೊದಲಿರಬೇಕು. ಆಗಲಿ ಎಂದೆ.

ಮಾಸ್ಟ್ರಿಗೆ ಕೇಳಿಸಿದೆ. ನಿಜ ಹೇಳುತ್ತೇನೆ, ಅವರು ಏನಾದರೊಂದು ತಪ್ಪು ಹುಡುಕಲಿ ಎಂಬ ಆಸೆಯಿಂದಲೇ ಕೇಳಿಸಿದೆ. ಅವರು ಫೋನನ್ನು ಕಿವಿಯ ಹತ್ತಿರ ಹಿಡಿದು ಕೇಳಿದರು. ಇನ್ನೊಮ್ಮೆ ಹಾಕಿಸಿದರು.

"ಇದು ನೀವಾ?"

ಒಂದು ಗಳಿಗೆ — ಹೌದು ಎನ್ನಲು ಬಾಯಿ ತೆರೆದದ್ದೂ ನಿಜ. ಮಿಸೆಸ್ ಎಂದೆ.

"ಯಾರತ್ರ ಕಲ್ತದ್ದು?"

"ಯಾರತ್ರವೂ ಇಲ್ಲ."

ಮಾಸ್ಟ್ರು ಫೋನನ್ನು ಮೆಲ್ಲಗೆ ನನ್ನ ಕೈಯಲ್ಲಿಟ್ಟರು. "ಬರ್ಲಿಕ್ಕೆ ಹೇಳಿ. ಫೀಸು ಬೇಡ ಹೇಳಿ. ಮಸ್ಕತ್ತಲ್ಲಿ ನನ್ನ ಜೊತೆ ನುಡಿಸಿದವರಲ್ಲಿ ಕೂಡ ಇಂಥ ಕಿವಿ ಒಬ್ಬಿಬ್ಬರಿಗೇ ಇದ್ದದ್ದು." ಆಮೇಲೆ ನನ್ನತ್ತ ತಿರುಗಿ, ಮಗುವಿಗೆ ಹೇಳುವ ಹಾಗೆ, "ನಿಮ್ಮದೂ ಆಗ್ತದೆ. ಮೆಲ್ಲ ಆಗ್ತದೆ," ಎಂದರು. ಆ 'ಮೆಲ್ಲ ಆಗ್ತದೆ'ಯನ್ನು ನಾನು ಕ್ಷಮಿಸಲಿಲ್ಲ. ಅವರನ್ನಲ್ಲ — ಅವಳನ್ನು.

ವೇಣೂರಿನಲ್ಲಿ ಸ್ಕೂಟರು ನಿಲ್ಲಿಸಿ ಚಹಾ ಕುಡಿದೆ. ವಯಸ್ಸಾಯಿತೆಂದು ಹೇಳಲೇ? ಅವಳು ನನಗಿಂತ ಚಿಕ್ಕವಳು, ನಂಬಲಿಕ್ಕಿಲ್ಲ. ಹೆಂಗಸರನ್ನು ಸೇರಿಸುವುದಿಲ್ಲ ಎನ್ನಲೇ? ಇನ್ನೊಬ್ಬ ಮಾಸ್ಟ್ರನ್ನು ಹುಡುಕಿಯಾಳು. ಅವಳ ಒಳಗೇ ಬಾಗಿಲು ಮುಚ್ಚುವಂಥ ಮಾತು ಬೇಕಿತ್ತು. ಚಹಾ ಮುಗಿಯುವಾಗ ಸಿಕ್ಕಿತು.

ಮನೆಯಲ್ಲಿ ಅವಳು ಒದ್ದೆ ಕೈಯಲ್ಲೇ ಓಡಿ ಬಂದಳು. "ಎಂತ ಹೇಳಿದ್ರು?"

"ಕಿವಿ ಇಲ್ಲ ಹೇಳಿದ್ರು."

ಅವಳು ಕಾದಳು, ಇನ್ನೂ ಏನಾದರೂ ಇರಬಹುದೆಂದು.

"ಕಲಿತವರಿಗೆ ಕೇಳಿದ ಕೂಡ್ಲೇ ಗೊತ್ತಾಗ್ತದಂತೆ. ಸುಮ್ನೆ ಟೈಮ್ ಹಾಳು ಹೇಳಿದ್ರು."

"ಹೌದಾ," ಎಂದಳು. ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ನನಗೂ ಹಾಗೇ ಅನ್ಸಿತ್ತು."

ಅವಳು ಅತ್ತಿದ್ದರೆ, ವಾದಿಸಿದ್ದರೆ — ಬಹುಶಃ ನಾನು ಅಲ್ಲೇ ಸೋಲುತ್ತಿದ್ದೆ. ಅಥವಾ ಇಲ್ಲ. ಗೊತ್ತಿಲ್ಲ. ಅವಳು ಒಪ್ಪಿಕೊಂಡುಬಿಟ್ಟಳು. ಮುಂದಿನ ಭಾನುವಾರ ಮಾಸ್ಟ್ರಿಗೆ, ಅವಳಿಗೆ ಅಷ್ಟು ಆಸಕ್ತಿ ಇಲ್ಲ ಎಂದೆ. ಅವರು ಮತ್ತೆರಡು ಸಲ ವಿಚಾರಿಸಿದರು. ಆಮೇಲೆ ಕೇಳಲಿಲ್ಲ.

ಅಡುಗೆಮನೆಯಿಂದ ನನ್ನ ತಪ್ಪು ಹೇಳುವುದನ್ನು ಅವಳು ಬಿಟ್ಟಳು. ನಾನು ತಪ್ಪು ನುಡಿಸಿದರೂ "ಚಂದ ಆಯ್ತು" ಎನ್ನುತ್ತಿದ್ದಳು. ಗಿಟಾರನ್ನು ಮತ್ತೆ ಮುಟ್ಟಲಿಲ್ಲ. ಸುಳ್ಳಿನಿಂದ ನನಗೇನು ಸಿಕ್ಕಿತು ಎಂದು ಕೇಳಿದರೆ — ಏನೂ ಇಲ್ಲ. ಒಂದು ವರ್ಷ ತಂತಿಯೊಡನೆ ಗುದ್ದಾಡಿ, ಅಂಗಡಿಯ ನೆಪ ಹೇಳಿ ಪಾಠ ನಿಲ್ಲಿಸಿದೆ. ಗಿಟಾರನ್ನು ಯಾರಿಗೋ ಮಾರಿದೆ. ಆದರೂ ನೆಂಟರ ಕಣ್ಣಿನಲ್ಲಿ ಮನೆಯ ಸಂಗೀತಗಾರ ನಾನೇ. ಅವಳ ಕಿವಿಯದ್ದು ಒಂದು ತಮಾಷೆಯಾಗಿ ಉಳಿಯಿತು. ಮಗಳ ಶಾಲೆಯಲ್ಲಿ ತಾಯಂದಿರ ಸಮೂಹಗಾನಕ್ಕೆ ಕರೆದಾಗ, "ಅಯ್ಯೋ ನನಗೆ ಕಿವಿ ಇಲ್ಲ" ಎಂದು ನಗುತ್ತಾ ಹಿಂದೆ ಸರಿದಳು. ಮಗಳು ಅನ್ವಿತಾ ಸ್ವಲ್ಪ ದೊಡ್ಡವಳಾದ ಮೇಲೆ ಅವಳೂ ಹೇಳತೊಡಗಿದಳು: "ಅಮ್ಮನಿಗೆ ಕಿವಿ ಇಲ್ಲ!" ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಈಗ ಅನ್ವಿತಾ ಹೈಸ್ಕೂಲಿನಲ್ಲಿದ್ದಾಳೆ, ಪಿಟೀಲು ಕಲಿಯುತ್ತಾಳೆ. ಅವಳ ಟೀಚರು, ಈ ಹುಡುಗಿಯ ಶ್ರುತಿಜ್ಞಾನ ಹುಟ್ಟಿನಿಂದಲೇ ಬಂದದ್ದು ಎನ್ನುತ್ತಾರೆ. ಕಳೆದ ತಿಂಗಳು ಬಂಟ್ವಾಳದಲ್ಲಿ ನನ್ನ ಅಕ್ಕನ ಹೊಸ ಮನೆಯ ಒಕ್ಕಲು — ಗೃಹಪ್ರವೇಶ — ಇತ್ತು. ಊಟದ ನಂತರ ಅನ್ವಿತಾ ಪಿಟೀಲು ನುಡಿಸಿದಳು. ಅಕ್ಕ ಬೆರಗಾಗಿ, ಇದು ಯಾರಿಂದ ಬಂದದ್ದು ಎಂದು ಕೇಳಿದಾಗ ಜಯಶ್ರೀ ನನ್ನ ಕಡೆ ಕೈ ತೋರಿಸಿದಳು.

"ಮತ್ತೆ ಯಾರದ್ದು? ಅಪ್ಪನ ಕಿವಿ. ಪುಣ್ಯಕ್ಕೆ ನನ್ನದು ಬರ್ಲಿಲ್ಲ."

ಅದನ್ನು ಎಷ್ಟು ಪ್ರೀತಿಯಿಂದ ಹೇಳಿದಳೆಂದರೆ — ನನ್ನಿಂದ ಎಲೆಯಡಿಕೆ ಜಗಿಯಲೂ ಆಗಲಿಲ್ಲ. ಅವಳದ್ದನ್ನು ಕಸಿದದ್ದು ಸಾಲದೆ ಅದನ್ನೇ ನಾನು ತೊಟ್ಟುಕೊಂಡು ಕೂತಿದ್ದೆ, ಅವಳು ಮೆಚ್ಚಿ ನೋಡುತ್ತಿದ್ದಳು.

ಹಿಂದಿರುಗುವಾಗ ಅನ್ವಿತಾ ಅಕ್ಕನ ಮನೆಯಲ್ಲೇ ಉಳಿದಳು. ಕಾರಿನಲ್ಲಿ ನಾವಿಬ್ಬರೇ. ಪುಂಜಾಲಕಟ್ಟೆ ದಾಟಿದ ಮೇಲೆ ರಸ್ತೆ ಬದಿಗೆ ನಿಲ್ಲಿಸಿ ಹೇಳಿದೆ. ಎಲ್ಲವನ್ನೂ — ಜಗಲಿಯಲ್ಲಿ ನಿಂತದ್ದು, ಮಾಸ್ಟ್ರು, ವೇಣೂರಿನ ಚಹಾ. ಹೊಟ್ಟೆಕಿಚ್ಚು ಎಂಬ ಶಬ್ದವನ್ನೂ ಹೇಳಿದೆ. ನಾವು ಮನೆಯಲ್ಲಿ ಮಾತಾಡುವುದು ತುಳು. ಆ ಭಾಷೆಯಲ್ಲಿ ಅದು ಇನ್ನೂ ಹಸಿಯಾಗಿ ಕೇಳಿಸಿತು.

ಅವಳು ಎದುರಿನ ಗಾಜನ್ನೇ ನೋಡುತ್ತಾ ಕೇಳಿದಳು, "ಮಾಸ್ಟ್ರು ಹೇಳಿದ್ದು ಎಂತ? ಸರಿಯಾಗಿ ಹೇಳಿ. ಅವರು ಹೇಳಿದ ಹಾಗೇ."

ಹೇಳಿದೆ.

"ಇನ್ನೊಮ್ಮೆ."

ಇನ್ನೊಮ್ಮೆ ಹೇಳಿದೆ. ಅವಳ ಕಣ್ಣಿನಿಂದ ನೀರು ಇಳಿಯತೊಡಗಿತು. ಒರೆಸಿಕೊಳ್ಳಲಿಲ್ಲ.

"ಅವರು ಈಗ ಎಲ್ಲಿದ್ದಾರೆ? ನಾನು ಹೋಗಿ ನೋಡ್ತೇನೆ."

ಮಾಸ್ಟ್ರು ತೀರಿಕೊಂಡು ಎರಡು ವರ್ಷವಾಗಿತ್ತು. ಸಾವಿನ ಸುದ್ದಿ ನನಗೆ ಗೊತ್ತಿತ್ತು, ಅವಳಿಗೆ ಹೇಳಿರಲಿಲ್ಲ. ಅದನ್ನು ಕೇಳಿದ ದಿನ ನನ್ನ ಮನಸ್ಸಿಗೆ ಮೊದಲು ಬಂದದ್ದು ದುಃಖವಲ್ಲ — ಇನ್ನು ಯಾರೂ ಬಾಯಿ ಬಿಡುವುದಿಲ್ಲ ಎಂಬ ನೆಮ್ಮದಿ. ಇದನ್ನೂ ಕಾರಿನಲ್ಲಿ ಅವಳಿಗೆ ಹೇಳಿದೆ. ಹೇಳದೆ ಉಳಿಸಿಕೊಳ್ಳಲು ಇನ್ನೇನೂ ಇರಬಾರದೆನಿಸಿತು.

"ನಾನು ಅವರ ಮೇಲೆ ಎಷ್ಟು ವರ್ಷ ಸಿಟ್ಟಿಟ್ಟುಕೊಂಡಿದ್ದೆ ಗೊತ್ತುಂಟಾ ನಿಮಗೆ?" ಎಂದಳು. "ಪಾಪದ ಮನುಷ್ಯ." ಆಮೇಲೆ ನನ್ನ ಕಡೆ ತಿರುಗಿ, "ನನ್ನೊಬ್ಬಳ ಹತ್ರ ಹೇಳಿದ್ರೆ ಸಾಲದು. ಎಲ್ಲರ ಎದುರು ನಗಾಡಿದ್ದೀರಿ. ಎಲ್ಲರ ಎದುರು ಹೇಳಿ. ಮುಖ್ಯವಾಗಿ ಮಗಳ ಎದುರು."

ಮರುದಿನ ಬಂಟ್ವಾಳಕ್ಕೆ ಮತ್ತೆ ಹೋದೆವು. ಅಕ್ಕ, ಭಾವ, ಅನ್ವಿತಾ ಎಲ್ಲರೂ ಕೂತಿರುವಾಗ, ಅನ್ವಿತಾಳಿಗೆ ಬಂದದ್ದು ಅಮ್ಮನ ಕಿವಿ, ನನ್ನದಲ್ಲ ಎಂದೆ. ಭಾವ ಗೊಳ್ಳೆಂದು ನಕ್ಕರು. "ಹೆಂಡ್ತಿಯನ್ನು ಹೊಗಳುವುದು ಅಂದ್ರೆ ಹೀಗೆ! ನೋಡಿ ಕಲಿಯುವ ನಾವು." ಅಕ್ಕ ನನ್ನನ್ನು ಅಭಿಮಾನದಿಂದ ನೋಡಿದಳು. ಅಲ್ಲಿಗೇ ಬಿಟ್ಟರೆ ಸಾಕಿತ್ತು — ಹೇಳಿದ ಹಾಗೂ ಆಗುತ್ತಿತ್ತು, ಒಳ್ಳೆಯ ಗಂಡನೆಂಬ ಹೆಸರೂ ಬರುತ್ತಿತ್ತು. ಜಯಶ್ರೀ ಗೋಡೆಗೆ ಒರಗಿ ನನ್ನನ್ನೇ ನೋಡುತ್ತಿದ್ದಳು.

"ಹೊಗಳುವುದಲ್ಲ ಭಾವ. ಮಾಸ್ಟ್ರು ಅವಳನ್ನು ಕರೆದದ್ದು. ನಾನು ಸುಳ್ಳು ಹೇಳಿ ತಪ್ಪಿಸಿದ್ದು. ನನಗೆ ಬಾರದ್ದು ಅವಳಿಗೆ ಬರ್ತದೆ ಹೇಳುವ ಹೊಟ್ಟೆಕಿಚ್ಚಿಗೆ."

ನಗು ನಿಂತಿತು. ಅನ್ವಿತಾ ಎದ್ದು ಹೋಗಿ ಅಮ್ಮನ ಪಕ್ಕದಲ್ಲಿ ಕೂತಳು. ನನ್ನೊಡನೆ ಅವಳು ಇನ್ನೂ ಮೊದಲಿನ ಹಾಗೆ ಮಾತಾಡುವುದಿಲ್ಲ.

ಜಯಶ್ರೀ ನನ್ನನ್ನು ಕ್ಷಮಿಸಿದ್ದಾಳೆಯೇ — ನಾನು ಕೇಳಿಲ್ಲ, ಕೇಳುವ ಹಕ್ಕು ಇದೆ ಎಂದೂ ಅನಿಸಿಲ್ಲ. ಬೆಳ್ತಂಗಡಿಯಲ್ಲೇ ಗಿಟಾರು ಕಲಿಸುವ ಹುಡುಗಿಯೊಬ್ಬಳನ್ನು ಅವಳೇ ಹುಡುಕಿಕೊಂಡಿದ್ದಾಳೆ. ತನ್ನ ಸಂಬಳದಲ್ಲಿ ಗಿಟಾರು ಕೊಂಡಿದ್ದಾಳೆ. ನಾನು ಕೊಡಿಸುತ್ತೇನೆಂದದ್ದಕ್ಕೆ ಬೇಡವೆಂದಳು. ಬರುವ ಭಾನುವಾರ ಮೊದಲ ಪಾಠ. ಕರೆದುಕೊಂಡು ಹೋಗಲೇ ಎಂದು ಕೇಳಿದೆ. ಸ್ವಲ್ಪ ಯೋಚಿಸಿ, "ಬನ್ನಿ. ಹೊರಗೆ ಕೂತುಕೊಳ್ಳಿ," ಎಂದಳು.

ಅಲ್ಲಿ ಕೂತಾಗ ನನಗೆ ಏನಾಗುತ್ತದೆಂದು ಗೊತ್ತು. ಸಂತೋಷ ಮಾತ್ರ ಆಗುತ್ತದೆ ಎಂದು ಬರೆದರೆ ಅದು ಇನ್ನೊಂದು ಸುಳ್ಳು. ಗಿಟಾರನ್ನು ಅವಳು ಮನೆಗೆ ತಂದ ದಿನವೇ ಒಳಗೆ ಚುರ್ರೆಂದಿತು — ಈ ವಯಸ್ಸಿನಲ್ಲಿ, ಇಷ್ಟೆಲ್ಲ ಆದ ಮೇಲೂ. ಅದು ಹೋಗುವುದಿಲ್ಲವೋ ಏನೋ. ಇರಲಿ. ಪಾಠ ಮುಗಿಸಿ ಹೊರಬಂದು ಅವಳು ಹೇಗಿತ್ತೆಂದು ಕೇಳಿದರೆ, ನನಗೆ ಕೇಳಿಸಿದ್ದನ್ನು ಕೇಳಿಸಿದ ಹಾಗೇ ಹೇಳುತ್ತೇನೆ.