ತೂಕದ ಪೈಲಟ್

ನಮ್ಮ ಮಹಡಿ ಮೇಲಿನ ಪೈಲಟ್ ಸಾಹೇಬರಿಗೆ ಕಂಡದ್ದನ್ನೆಲ್ಲ ತೂಗುವ ಚಟ. ಸುವಾರ್ತೆ ಸಾರುವವರನ್ನೂ ಔಷಧಿಯನ್ನೂ ಪುಟ್ಟ ವಿಮಾನದಲ್ಲಿ ರಸ್ತೆಯಿಲ್ಲದ ಊರುಗಳಿಗೆ ಮುಟ್ಟಿಸುವ ಕೆಲಸಕ್ಕೆ ಹೆಂಡತಿ ಮಕ್ಕಳ ಸಮೇತ ಪರದೇಶಕ್ಕೆ ಹೊರಟಿದ್ದರು. ಹಜಾರದ ನಡುವೆಯೇ ತೂಕದ ಯಂತ್ರ. ಬೈಬಲ್ಲಿಗೂ ಬಾಣಲೆಗೂ ಮಗಳ ಗೊಂಬೆಗೂ ವಿನಾಯಿತಿ ಇಲ್ಲ. ಪ್ರಾರ್ಥನೆಗೆ ಬಂದ ಪಾದ್ರಿಗಳನ್ನೂ ಬಿಡದೆ ಹತ್ತಿಸಿ, "ನಿಮ್ಮನ್ನ ಕರ್ಕೊಂಡು ಹೋದ್ರೆ ಎರಡು ಮೂಟೆ ಔಷಧಿ ಇಳಿಸ್ಬೇಕಾಗತ್ತೆ" ಎಂದು ನಕ್ಕಿದ್ದರು. ಯಾರಾದರೂ ತಕರಾರು ತೆಗೆದರೆ, "ಯಂತ್ರ ಹೇಳಿದ ಮೇಲೆ ಮುಗೀತು" ಅನ್ನುವುದೇ ಪಲ್ಲವಿ. ಹೆಂಡತಿಯ ಹೊಲಿಗೆ ಮಿಷನ್ನೂ ಭಾರ ಹೆಚ್ಚು, ಇಲ್ಲೇ ಉಳಿಯಲಿ ಎಂದು ತೀರ್ಪಾಯಿತು. "ದೇವರ ಕೆಲಸ ಅಲ್ವಾ, ಇರ್ಲಿ ಬಿಡಿ" ಎಂದು ಆಕೆ ಅದಕ್ಕೊಂದು ಬಟ್ಟೆ ಹೊದಿಸಿ ಮೂಲೆಗೆ ಸರಿಸಿದರು. ಹೊರಡುವ ಮುನ್ನಾದಿನ ಸಾಹೇಬರು ಮನೆಯವರನ್ನೆಲ್ಲ ಇನ್ನೊಮ್ಮೆ ತೂಗಿದರು. ಮಕ್ಕಳು ಒಂದಿಷ್ಟು ಮೈ ತುಂಬಿಕೊಂಡಿದ್ದರು. ಹೆಂಡತಿ ಹತ್ತಿದಾಗ ಮಾತ್ರ ಮುಳ್ಳು, ಈ ಪ್ರಯಾಣ ಗೊತ್ತಾದ ದಿನ ನಿಂತಿದ್ದ ಜಾಗಕ್ಕಿಂತ ಎಷ್ಟೋ ಕೆಳಗೆ ನಿಂತುಬಿಟ್ಟಿತು. ಸಾಹೇಬರು ಬಗ್ಗಿ ನೋಡಿದರು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. "ಈ ಯಂತ್ರ ಕೆಟ್ಟಿದೆ ಕಣೇ" ಎಂದರು. ಆಮೇಲೆ ಪೆಟ್ಟಿಗೆ ಬಿಚ್ಚಿ, ಯಾರಿಗೂ ಮುಟ್ಟಲು ಬಿಡದ ತಮ್ಮ ಸ್ಪ್ಯಾನರುಗಳನ್ನೆಲ್ಲ ತೆಗೆದು, ಗಂಟು ಕಟ್ಟಲು ಮೇಲೆ ಹೋಗಿದ್ದ ನನ್ನ ಕೈಗಿತ್ತು, ಆ ಜಾಗಕ್ಕೆ ಹೊಲಿಗೆ ಮಿಷನ್ನನ್ನು ತೂಗದೆಯೇ ಇಳಿಸಿದರು.