ಮಂದಿಯ ಮಾತಿಗೆ ಮಾರಿದ ಕಾರು

ನಾನು ರೋಣದಲ್ಲಿ ಹತ್ತಿಯ ಬೀಜ ಬಿಡಿಸುವ ಕಾರ್ಖಾನೆಯಲ್ಲಿ, ಅಂದರೆ ಜಿನ್ನಿನಲ್ಲಿ, ಎಂಜಿನ್ ಫಿಟರ್ ಆಗಿದ್ದೆ. ಎಂಜಿನ್ನಿನ ಸದ್ದು ಕೇಳಿಯೇ ಅದರ ರೋಗ ಹೇಳುತ್ತಾನೆ ಎಂಬ ಹೆಸರು ಸುತ್ತಲಿನ ಊರುಗಳಲ್ಲಿ ನನಗಿತ್ತು. ಆ ಹೆಸರನ್ನು ನಾನು ಎಷ್ಟು ಹಚ್ಚಿಕೊಂಡಿದ್ದೆ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ನನ್ನ ಹೆಂಡತಿಗೆ ಸಣ್ಣವಳಿದ್ದಾಗ ಕೀಲುಕೀಲಿಗೂ ಬಾವು ಬಂದು ತಿಂಗಳುಗಟ್ಟಲೆ ಜ್ವರ ಕಾಡಿತ್ತಂತೆ. ಜ್ವರ ಬಿಟ್ಟಿತು, ಹೃದಯ ಮಾತ್ರ ಸೋತೇ ಉಳಿಯಿತು. ಮದುವೆಯಾದ ಮೇಲೆ ಐದಾರು ವರ್ಷ ಹೇಗೋ ನಡೆಯಿತು. ಆಮೇಲೆ ಒಂದು ಕೊಡ ನೀರು ಎತ್ತಿದರೂ ಏದುಸಿರು. ಗದಗಿನ ಡಾಕ್ಟರು ನೋಡಿ, ಮಕ್ಕಳು ಬೇಡ, ಭಾರ ಎತ್ತುವುದು ಬೇಡ, ಎತ್ತಿನ ಚಕ್ಕಡಿಯಲ್ಲಿ ಕುಲುಕಾಡುವುದಂತೂ ಬೇಡವೇ ಬೇಡ ಎಂದರು. ಮೊದಲಿನ ಎರಡು ಮಾತಿಗೆ ಅವಳು ಸುಮ್ಮನಿದ್ದಳು. ಮೂರನೆಯದಕ್ಕೆ ಮನೆಗೆ ಬಂದು ಅತ್ತಳು. ಅವಳ ತವರು ಬೆಳವಣಕಿ. ತಂದೆತಾಯಿ ತೀರಿದ ಮೇಲೆ ಅಲ್ಲಿ ಉಳಿದವಳು ಅದೇ ಊರಿಗೆ ಕೊಟ್ಟ ಅಕ್ಕ ಒಬ್ಬಳೇ. ಆಗ ಆ ದಾರಿಗೆ ಬಸ್ಸಿರಲಿಲ್ಲ, ಚಕ್ಕಡಿಯೊಂದೇ ಗತಿ. ಹೀಗೆ ಮೂರು ವರ್ಷ ಅವಳು ಅಕ್ಕನ ಮುಖ ಕಾಣಲಿಲ್ಲ. ಅಕ್ಕನಿಗೂ ಒಕ್ಕಲುತನದ ಮನೆ, ಬರಲು ಬಿಡುವಿಲ್ಲ.

ನಮ್ಮ ಭಾಗ ಇನ್ನೂ ಮುಂಬಯಿ ರಾಜ್ಯದಲ್ಲಿದ್ದ ಕಾಲ ಅದು. ಹುಬ್ಬಳ್ಳಿಯಲ್ಲಿ ಒಬ್ಬ ನಿವೃತ್ತ ಅಧಿಕಾರಿ ಊರು ಬಿಡುವ ಮುಂಚೆ ತನ್ನ ಹಳೆಯ ಕಾರನ್ನು ಅಗ್ಗಕ್ಕೆ ಕೊಡುತ್ತಾನೆಂದು ತಿಳಿದು ಹೋಗಿ ನೋಡಿದೆ. ಯುದ್ಧಕ್ಕೂ ಮುಂಚೆ ಹಡಗಿನಲ್ಲಿ ಬಂದ ಕಾರು. ಅಂಥದ್ದನ್ನು ಅದಕ್ಕೆ ಮೊದಲು ನಾನು ಕಂಡಿರಲಿಲ್ಲ. ಮೈಯೆಲ್ಲ ಕಟ್ಟಿಗೆ, ಮೇಲೆ ಕಪ್ಪು ರೆಕ್ಸಿನ್ ಬಡಿದಿದ್ದರು. ಮೂಲೆಯಲ್ಲಿ ಇಲಿ ಕಡಿದು ಒಳಗಿನ ಹಲಗೆ ಕಾಣುತ್ತಿತ್ತು. ಎಂಜಿನ್ನು ಎರಡೇ ಸಿಲಿಂಡರಿನದು. ಪೆಟ್ರೋಲಿನಲ್ಲೇ ಆಯಿಲ್ ಕಲಸಿ ಹಾಕಬೇಕು. ಎಲ್ಲ ಕಾರುಗಳಿಗೆ ಹಿಂದಿನ ಗಾಲಿ ನೂಕಿದರೆ ಇದಕ್ಕೆ ಮುಂದಿನ ಗಾಲಿ ಎಳೆಯಬೇಕು. ಬಾಗಿಲು ಕೂಡ ಉಲ್ಟಾ, ಹಿಂದಿನ ಅಂಚಿಗೆ ಕೀಲು. ನಡೆಸಿ ನೋಡಿದೆ. ಕುಲುಕಾಟವೇ ಇಲ್ಲ. ಅದೊಂದೇ ಕಾರಣಕ್ಕೆ ಕೊಂಡೆ.

ರೋಣಕ್ಕೆ ತಂದು ಮನೆಯ ಮುಂದೆ ನಿಲ್ಲಿಸಿದಾಗ ಅವಳು ಹೊರಗೆ ಬಂದು ಸುತ್ತ ಒಮ್ಮೆ ನಡೆದು ನೋಡಿದಳು. ಬಾಗಿಲು ತೆಗೆದೆ. ಉಲ್ಟಾ ಬಾಗಿಲಾದ್ದರಿಂದ ಅವಳು ಬಗ್ಗಲಿಲ್ಲ, ಹೊರಳಲಿಲ್ಲ. ಕಾರಿಗೆ ಬೆನ್ನು ಮಾಡಿ ಕಟ್ಟೆಯ ಮೇಲೆ ಕೂತಂತೆ ಕೂತು, ಕಾಲು ಒಳಗೆಳೆದುಕೊಂಡಳು.

“ನನ್ನ ಸಲುವಾಗಿನ ಮಾಡಿಸಿದ್ಹಾಂಗ ಐತ್ರಿ,” ಎಂದಳು.

ಮರುದಿನವೇ ಬೆಳವಣಕಿಗೆ ಹೋದೆವು. ಅಕ್ಕ ಹಿತ್ತಲಲ್ಲಿ ಸೆಗಣಿ ಕಲಸುತ್ತಿದ್ದವಳು ಅದೇ ಕೈಯಲ್ಲಿ ಓಡಿ ಬಂದು, ತಂಗಿಯನ್ನು ಮುಟ್ಟಲಾಗದೆ ಕೈ ಅಗಲಿಸಿಕೊಂಡು ನಿಂತೇ ಅತ್ತಳು. ಅಂದಿನಿಂದ ಹದಿನೈದು ದಿನಕ್ಕೊಮ್ಮೆ ಹೋಗುವುದು ರೂಢಿಯಾಯಿತು. ಇಳಿಜಾರಿನಲ್ಲಿ ಪೆಡಲಿನಿಂದ ಕಾಲು ತೆಗೆದರೆ ಆ ಕಾರು ಎಂಜಿನ್ನಿನ ಹಂಗು ಬಿಟ್ಟು ಸದ್ದಿಲ್ಲದೆ ಉರುಳುತ್ತಿತ್ತು. ಆಗ ಅವಳು ಮಾತು ನಿಲ್ಲಿಸಿ ಹೊಲದ ಕಡೆ ಕಿವಿ ಕೊಡುತ್ತಿದ್ದಳು. ಮಳೆ ಹಿಡಿದ ಮೇಲೆ ನಮ್ಮ ಎರೆಮಣ್ಣಿನ ದಾರಿ ನಿಮಗೆ ಗೊತ್ತಿರಬಹುದು, ಚಕ್ಕಡಿ ಅಚ್ಚಿನ ತನಕ ಹೂಳುತ್ತದೆ. ಹಗುರ ಮೈಯ ಈ ಕಾರು ಮುಂದಿನ ಗಾಲಿಯಿಂದ ಎಳೆದುಕೊಂಡು ಹೇಗೋ ದಾಟುತ್ತಿತ್ತು. ಆ ವರ್ಷದ ನಾಗರಪಂಚಮಿಗೆ ಅವಳು ತವರಿನಲ್ಲಿ ಉಂಡಿ ತಿಂದಳು, ಜೋಕಾಲಿಯ ಹತ್ತಿರ ಕೂತು ಅಕ್ಕನ ಮಕ್ಕಳನ್ನು ತೂಗಿದಳು.

ಇನ್ನು ನನ್ನ ಗೆಳೆಯರ ಸಂಗತಿ ಹೇಳಬೇಕು. ಗಜೇಂದ್ರಗಡದಲ್ಲಿ ಒಬ್ಬ ಮೋಟಾರು ಮಿಸ್ತ್ರಿಯ ಶೆಡ್ಡಿತ್ತು. ಕೆಲಸವಿಲ್ಲದ ದಿನ ನಾವು ನಾಲ್ಕು ಮಂದಿ ಅಲ್ಲಿ ಸೇರುತ್ತಿದ್ದೆವು. ಶೆಡ್ಡಿನ ಮಿಸ್ತ್ರಿ, ರೋಣದ ಬಸ್ಸಿನ ಡ್ರೈವರ್, ನರಗುಂದದಿಂದ ತಮ್ಮ ದೊಡ್ಡ ಕಾರಿನಲ್ಲಿ ಬರುವ ಒಬ್ಬ ವಕೀಲರು, ಮತ್ತು ನಾನು. ನಮಗೆ ಕಾರಿನ ಮಾತೆಂದರೆ ಊಟ ಬೇಡ. ಯಾವ ಎಂಜಿನ್ನಿಗೆ ಎಷ್ಟು ದಮ್ಮು, ಯಾವ ಕಾರು ಗಜೇಂದ್ರಗಡದ ಗುಡ್ಡದ ಏರನ್ನು ಎಷ್ಟನೇ ಗೇರಿನಲ್ಲಿ ಏರುತ್ತದೆ ಎಂದು ವಾದಿಸುತ್ತ ಸಂಜೆಯ ತನಕ ಕೂಡುತ್ತಿದ್ದೆವು. ಅಂಥ ಮಂದಿಯ ನಡುವೆ ನನ್ನ ಕಾರು ಹೋಗಿ ನಿಂತಿತು.

ವಕೀಲರು ಬಾನೆಟ್ಟು ಎತ್ತಿ ನೋಡಿ, “ಫಿಟರ್, ಇದು ಕಾರಲ್ಲೋ, ಹೊಲಿಗಿ ಮಷೀನು. ನಾಕು ಗಾಲಿ ಹಚ್ಚ್ಯಾರ ಅಷ್ಟ,” ಎಂದರು. ಡ್ರೈವರ್ ಮಾತ್ರ ಮೊದಲು ನನ್ನ ಪಕ್ಷ. ಎತ್ತುಗಳನ್ನು ಗಾಡಿಯ ಮುಂದೆ ಕಟ್ಟುತ್ತೇವೆಯೇ ಹೊರತು ಹಿಂದಲ್ಲ, ಮುಂದಿನ ಗಾಲಿ ಎಳೆಯುವುದೇ ಸರಿ ಎಂದು ವಾದಿಸಿದ. ಆದರೆ ಹೊಗೆಯನ್ನು ಅವನೂ ಸಹಿಸಲಿಲ್ಲ. ಪೆಟ್ರೋಲಿನ ಜೊತೆ ಆಯಿಲ್ ಸುಡುವ ಎಂಜಿನ್ನು, ನೀಲಿ ಹೊಗೆ ಬಿಡುವುದೇ. ನಿನ್ನ ಕಾರಿನ ಹಿಂದೆ ಬಸ್ಸು ತಂದರೆ ಪ್ರಯಾಣಿಕರು ಕೆಮ್ಮುತ್ತಾರೆ ಎಂದ. ಉಲ್ಟಾ ಬಾಗಿಲು ಓಡುವಾಗ ತೆರೆದುಕೊಂಡರೆ ಗಾಳಿಗೆ ಕಿತ್ತು ಹೋಗುತ್ತದೆ, ಕಟ್ಟಿಗೆಗೆ ಗೆದ್ದಲು ಹತ್ತುತ್ತದೆ ಎಂದು ಒಬ್ಬೊಬ್ಬರು ಒಂದೊಂದು ಹೇಳಿದರು. ಮಿಸ್ತ್ರಿ ಹೆಚ್ಚು ಮಾತಾಡಲಿಲ್ಲ. ಬಿಡಿಭಾಗ ಎಲ್ಲಿಂದ ತರುತ್ತೀ ಎಂದಷ್ಟೇ ಕೇಳಿದ.

ಮೊದಮೊದಲು ನಾನೂ ನಕ್ಕೆ. ಆಮೇಲೆ ವಾದ ಮಾಡಿದೆ. ಅದಾದ ಮೇಲೆ ಶೆಡ್ಡಿಗೆ ಹೋಗುವಾಗ ಕಾರನ್ನು ಮನೆಯಲ್ಲೇ ಬಿಟ್ಟು ಬಸ್ಸಿಗೆ ಹೋಗತೊಡಗಿದೆ. ಎಂಜಿನ್ ಬಲ್ಲವನೆಂದು ಹೆಸರು ಮಾಡಿದವನು ಹೊಲಿಗೆ ಮಷೀನು ಕೊಂಡ ಎಂಬ ಮಾತು ಜಿನ್ನಿನ ಹಮಾಲರ ಬಾಯಿಗೂ ಬಂದಿತ್ತು. ಅವಳ ಸಲುವಾಗಿ ಕೊಂಡೆ, ಅವಳಿಗೆ ಇದು ಹಿಡಿಸಿದೆ ಎಂದು ಆ ಮೂವರ ಮುಂದೆ ಒಮ್ಮೆಯೂ ಹೇಳಲಿಲ್ಲ. ಹೆಂಡತಿಯ ಮಾತನ್ನು ಗಂಡಸರ ನಡುವೆ ತರಬಾರದು ಅಂದುಕೊಂಡಿದ್ದೆನೋ, ಏನೋ. ಅವಳ ಅಭಿಪ್ರಾಯವನ್ನು ಯಾರೂ ಕೇಳಲೂ ಇಲ್ಲ.

ಮರುವರ್ಷ ವೈಶಾಖದಲ್ಲಿ ವಕೀಲರ ಮಗಳ ಮದುವೆ. ನರಗುಂದಕ್ಕೆ ಗಂಡಹೆಂಡತಿ ಇಬ್ಬರೂ ಬರಲೇಬೇಕೆಂದು ಹೇಳಿ ಕಳಿಸಿದ್ದರು. ಹೊರಡುವ ಮುಂಜಾನೆ ನಾನೊಂದು ಕೆಲಸ ಮಾಡಿದೆ. ಮದುವೆಮನೆಯ ಮುಂದೆ ಹೊಗೆ ಕಾಣಬಾರದೆಂದು ಪೆಟ್ರೋಲಿಗೆ ಕಲಸುವ ಆಯಿಲನ್ನು ಅರ್ಧಕ್ಕೆ ಇಳಿಸಿದೆ. ಅಂಥ ಎಂಜಿನ್ನಿಗೆ ಆಯಿಲ್ ಕಡಿಮೆಯಾದರೆ ಏನಾಗುತ್ತದೆಂದು ಬಲ್ಲವನು ಆ ಸುತ್ತಿನಲ್ಲಿ ಯಾರಾದರೂ ಇದ್ದರೆ ಅದು ನಾನೇ. ಆದರೂ ಮಾಡಿದೆ. ಚಿಕ್ಕನರಗುಂದ ದಾಟಿದ ಮೇಲೆ ಎಂಜಿನ್ನು ನರಳತೊಡಗಿತು. ನರಗುಂದದಲ್ಲಿ ಸರಿಯಾಗಿ ಚಪ್ಪರದ ಮುಂದೆ ಪಿಸ್ಟನ್ನು ಕಾದು ಹಿಡಿದುಕೊಂಡಿತು. ಕಾರು ಒಮ್ಮೆ ಜಗ್ಗಿ ನಿಂತೇಬಿಟ್ಟಿತು.

ಬೀಗರು, ಬಾಜಾದವರು, ಎಲ್ಲರೂ ನೋಡುತ್ತಿದ್ದರು. ನಾಲ್ಕು ಮಂದಿ ಸೇರಿ ನೂಕಿ ಪಕ್ಕಕ್ಕೆ ಸರಿಸಿದರು. ಅವಳು ಒಳಗೇ ಕೂತಿದ್ದಳು, ಇಳಿಸಬೇಕೆಂಬ ನೆನಪೂ ನನಗಾಗಲಿಲ್ಲ. ಕಟ್ಟಿಗೆ ಕಾರಿನ ಮೇಲೆ ಬಂದ ಚೇಷ್ಟೆಯ ಮಾತನ್ನೆಲ್ಲ ಅವಳು ತಲೆ ಬಗ್ಗಿಸಿ ಕೇಳಿದಳು. ವಕೀಲರು ಹೆಗಲ ಮೇಲೆ ಕೈ ಹಾಕಿ, ನಾನು ಮೊದಲೇ ಹೇಳಿರಲಿಲ್ಲವೇ ಎಂದರು. ತಪ್ಪು ಕಾರಿನದಲ್ಲ, ನನ್ನದು ಎಂದು ಹೇಳಲು ಅದೇ ಸಮಯ. ನಾನು ಹೇಳಲಿಲ್ಲ. ಹೌದ್ರಿ, ಈ ಗಾಡಿಯೇ ಹಿಂಗ ಎಂದೆ.

ಊಟದ ಪಂಕ್ತಿ ಏಳುವ ಹೊತ್ತಿಗೆ ಕಾರು ಕೊಡುಕೊಳ್ಳುವ ಮಾತು ಮುಗಿದಿತ್ತು. ವಕೀಲರ ಸಂಬಂಧಿಕರೊಬ್ಬರ ದೊಡ್ಡ ಕಾರು ನನಗೆ, ನನ್ನದು ಬಾಗಲಕೋಟೆಯ ಒಬ್ಬ ಕಿರಾಣಿ ವ್ಯಾಪಾರಿಗೆ. ಎಂಜಿನ್ನು ತಣ್ಣಗಾಗಿ ಬಿಟ್ಟುಕೊಂಡ ಮೇಲೆ ಪೂರಾ ಆಯಿಲ್ ಹಾಕಿ ಮನೆಗೆ ಬಂದೆವು. ದಾರಿಯುದ್ದಕ್ಕೂ ಅದು ಚೆನ್ನಾಗಿಯೇ ಓಡಿತು. ಅವಳಿಗೆ ವಿಷಯ ತಿಳಿಸಿದೆ. ಅವಳು ಕೇಳಿದಳು:

“ಕೊಡೂದ ಖರೇ ಏನ್ರಿ?”

“ಹೂಂ, ಮಾತ ಕೊಟ್ಟೇನಿ.”

“ಹಂಗಾರ ಕೊಡೂಕಿಂತ ಮೊದಲ ಒಮ್ಮಿ ಅಕ್ಕನ ಕಡೆ ಕರ್ಕೊಂಡು ಹೋಗ್ರಿ.”

ಹೊಸ ಕಾರಿನಲ್ಲಿ ಪಂಚಮಿಗೆ ಹೋಗೋಣ, ಅದು ಇದಕ್ಕಿಂತ ದೊಡ್ಡದು, ಹಾಯಾಗಿ ಕಾಲು ಚಾಚಿ ಕೂಡಬಹುದು ಎಂದೆ. ಅವಳು ಮತ್ತೆ ಕೇಳಲಿಲ್ಲ. ಅದೇ ವಾರ ಬಾಗಲಕೋಟೆಯವರು ಬಂದು ಕಾರು ಒಯ್ದರು.

ದೊಡ್ಡ ಕಾರನ್ನು ಶೆಡ್ಡಿಗೆ ಒಯ್ದ ದಿನ ನನಗೆ ಆದ ಹೆಮ್ಮೆ ಈಗ ನೆನೆದರೆ ನಾಚಿಕೆಯಾಗುತ್ತದೆ. ವಕೀಲರು ಚಹಾ ತರಿಸಿದರು. ಡ್ರೈವರ್ ತಾನೇ ಕೂತು ಗುಡ್ಡ ಹತ್ತಿಸಿ ತಂದು, ಈಗ ನೀ ಮನಿಷ್ಯಾ ಆದಿ ಎಂದ. ಮನೆಯಲ್ಲಿ ಅವಳಿಗೆ ಆ ಕಾರಿನ ಫುಟ್‌ಬೋರ್ಡು ಎತ್ತರವಾಯಿತು. ಮಣೆ ಇಟ್ಟು ಕೈ ಹಿಡಿದು ಹತ್ತಿಸಿದರೂ ಸೀಟಿನಲ್ಲಿ ಕೂತ ಮೇಲೆ ಕಣ್ಣು ಮುಚ್ಚಿಕೊಂಡು ಉಸಿರು ಹಿಡಿಯುತ್ತಿದ್ದಳು. ರೂಢಿಯಾಗುತ್ತದೆ ಎಂದು ನಾನೇ ಸಮಾಧಾನ ಹೇಳಿಕೊಂಡೆ.

ಪಂಚಮಿಯ ಹಿಂದಿನ ದಿನ ಬೆಳವಣಕಿಗೆ ಹೊರಟೆವು. ಎರಡು ದಿನ ಬಂದ ಮಳೆ ನಿಂತು ಹೊರಪಾಗಿತ್ತು. ಅರ್ಧ ದಾರಿ ದಾಟುವಷ್ಟರಲ್ಲಿ ಆ ಭಾರದ ಕಾರು ಎರೆಯಲ್ಲಿ ಹೊಟ್ಟೆಯ ತನಕ ಕೂತುಬಿಟ್ಟಿತು. ಹಿಂದಿನ ಗಾಲಿ ತಿರುಗಿದಷ್ಟೂ ಇಳಿಯುತ್ತಿತ್ತು. ಅವಳನ್ನು ಇಳಿಸಿ ಬದುವಿನ ಮೇಲೆ ಕೂರಿಸಿದೆ. ಮಡಿಲಲ್ಲಿ ಅಕ್ಕನಿಗೆ ಒಯ್ಯುತ್ತಿದ್ದ ಕುಪ್ಪಸದ ಖಣ. ಹೊಲದವರು ಎತ್ತು ತಂದು ಕಟ್ಟಿ ಜಗ್ಗಿದರು. ಕಾರು ಅಲುಗಲಿಲ್ಲ, ಮತ್ತೆ ಮಳೆ ಹನಿಯತೊಡಗಿತು. ಕೊನೆಗೆ ರೋಣದ ಕಡೆ ಹೊರಟಿದ್ದ ಒಂದು ಚಕ್ಕಡಿಯಲ್ಲಿ ಹುಲ್ಲು ಹಾಸಿ ಅವಳನ್ನು ಮಲಗಿಸಿದೆ. ಪ್ರತಿಯೊಂದು ತಗ್ಗಿಗೂ ಅವಳು ನನ್ನ ಮುಂಗೈ ಹಿಡಿಯುತ್ತಿದ್ದಳು. ಒಮ್ಮೆ ಮಾತ್ರ ಬಾಯಿ ಬಿಟ್ಟಳು:

“ಅಕ್ಕ ದಾರಿ ಕಾಯ್ತಿರ್ತಾಳ್ರಿ.”

ಅಂದು ಹಾಸಿಗೆ ಹಿಡಿದವಳು ಸರಿಯಾಗಿ ಏಳಲಿಲ್ಲ. ಕಾಲು ಬಾತವು, ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದಳು. ಗದಗಿನ ಡಾಕ್ಟರು ಔಷಧಿ ಬದಲಿಸಿದರು. ಈ ಹೃದಯ ಹೇಗೂ ಬಹಳ ದಿನದ್ದಾಗಿರಲಿಲ್ಲ, ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿರಿ ಎಂದು ನನ್ನನ್ನು ಹೊರಗೆ ಕರೆದು ಹೇಳಿದರು. ಇದ್ದೀತು. ಆದರೆ ಉಳಿದ ಆ ನಾಲ್ಕು ತಿಂಗಳು ಅವಳು ಅಕ್ಕನ ಮನೆಯ ಕಟ್ಟೆಯ ಮೇಲೆ ಕೂಡಬಹುದಿತ್ತು. ಸುಗ್ಗಿಗೆ ಮೊದಲು, ಒಂದು ಮಧ್ಯಾಹ್ನ, ನಾನು ಜಿನ್ನಿನಲ್ಲಿದ್ದಾಗ ಹೋದಳು. ನೆರೆಮನೆಯವರು ಹತ್ತಿರವಿದ್ದರು.

ಅಕ್ಕ ಚಕ್ಕಡಿ ಹೂಡಿಸಿಕೊಂಡು ಬರುವುದರೊಳಗೆ ಸಂಜೆಯಾಗಿತ್ತು. ಮಣ್ಣು ಮುಗಿಯುವ ತನಕ ನಾನು ಅವಳ ಎದುರು ನಿಲ್ಲಲಿಲ್ಲ.

ಶೆಡ್ಡಿನ ಗೆಳೆಯರು ಮೂವರೂ ಬಂದು ಕೂತು ಹೋದರು. ಕೆಲವು ತಿಂಗಳ ನಂತರ ಮಿಸ್ತ್ರಿ ಒಬ್ಬನೇ ಮತ್ತೆ ಬಂದ. ಅಂಗಳದಲ್ಲಿ ನಿಂತಿದ್ದ ದೊಡ್ಡ ಕಾರಿನ ಮೇಲೆ ಧೂಳು ಕೂತಿತ್ತು. ಅದನ್ನು ಮಾರಿಕೊಡು ಎಂದು ಕೇಳಿದೆ. ಅವನು ಒಪ್ಪಿ, ಹೋಗಲು ಎದ್ದವನು ಮತ್ತೆ ಕೂತ.

“ಆ ಸಣ್ಣ ಗಾಡಿ ಚಲೋ ಇತ್ತು, ಫಿಟರ್. ನಮಗೆಲ್ಲಾ ಗೊತ್ತಿತ್ತು. ಕುಂತಾಗ ಮಾತಾಡಾಕ ಏನರ ಬೇಕಾಗಿತ್ತು, ಮಾತಾಡಿದ್ವಿ.”

ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಮದುವೆಗೆ ಹೊರಟ ಮುಂಜಾನೆ ಆಯಿಲ್ ಕಡಿಮೆ ಮಾಡಿದ್ದು ನಾನೇ ಎಂದು ಅವನಿಗಷ್ಟೇ ಹೇಳಿದೆ. ಅವನು ತಲೆಯಾಡಿಸಿದ. ಪಿಸ್ಟನ್ನು ಹಿಡಿದ ಬಗೆ ಕೇಳಿದಾಗಲೇ ತಿಳಿದಿತ್ತು ಎಂದ. ಶೆಡ್ಡಿಗೆ ನಾನು ಮತ್ತೆ ಹೋಗಲಿಲ್ಲ.

ಎರಡು ವರ್ಷದ ಮೇಲೆ ಬೆಳವಣಕಿಗೆ ಬಸ್ಸಾಯಿತು. ಪಂಚಮಿಗೆ ಒಂದು ಸೀರೆ ತೆಗೆದುಕೊಂಡು ಅಕ್ಕನ ಮನೆಗೆ ಹೋದೆ. ಅವಳು ರೊಟ್ಟಿ ಬಡಿದು ಬಡಿಸಿದಳು. ತಂಗಿಯ ಮಾತು ತಾನಾಗಿ ಬಂತು. ಆ ಕಾರಿನಲ್ಲಿ ಬಂದ ದಿನ ಒಮ್ಮೆಯೂ ತನಗೆ ಎದೆ ಹಾರಲಿಲ್ಲವೆಂದು ತಂಗಿ ಹೇಳಿದ್ದಳಂತೆ. ರೊಟ್ಟಿ ಬಡಿಯುವ ಕೈ ನಿಲ್ಲಿಸದೆ ಅಕ್ಕ ಕೇಳಿದಳು:

“ಅದನ್ನ್ಯಾಕ ಮಾರಿದ್ರಿ?”

ಎಂಜಿನ್ನು ಕೆಟ್ಟಿತ್ತು, ಬಿಡಿಭಾಗ ಸಿಗಲಿಲ್ಲ ಎಂದೆ. ಅವಳು ನಂಬಿದಳು. ಹೌದು ಬಿಡ್ರಿ, ಹಳೇದು, ಏನ್ ಮಾಡಾಕ ಬರ್ತದ ಎಂದು ಇನ್ನೊಂದು ರೊಟ್ಟಿ ಹಾಕಿದಳು. ಆ ಮೇಲೆ ಎಷ್ಟೋ ಪಂಚಮಿಗೆ ಆ ಮನೆಯಲ್ಲಿ ಉಂಡೆ. ಖರೇ ಸಂಗತಿಯನ್ನು ಹೇಳಬೇಕೆಂದು ಪ್ರತಿ ಸಲ ಬಸ್ಸಿನಲ್ಲಿ ಅಂದುಕೊಂಡು ಹೋಗುತ್ತಿದ್ದೆ, ಹೇಳದೆ ತಿರುಗಿ ಬರುತ್ತಿದ್ದೆ. ಕಳೆದ ಚಳಿಗಾಲದಲ್ಲಿ ಅಕ್ಕನೂ ತೀರಿಕೊಂಡಳು.