ಥಿಯೇಟರ್ ಪೈಜಾಮಕ್ಕೆ ಪಾಸ್ಟರರ ಪರವಾನಗಿ

ಕೊರೊನಾ ಬರುವುದಕ್ಕೆ ಹಿಂದಿನ ವರ್ಷ. ಬೀದರ್ ನಗರದ ಒಂದು ನರ್ಸಿಂಗ್ ಶಾಲೆಯಲ್ಲಿ ನಾನು ಪ್ರಾಂಶುಪಾಲೆಯಾಗಿದ್ದೆ. ನಿವೃತ್ತಿಗೆ ಹದಿನಾಲ್ಕು ತಿಂಗಳು ಉಳಿದಿತ್ತು. ಭಾಲ್ಕಿಯಿಂದ ದಿನಾ ರೈಲಿಗೆ ಬಂದು ಹೋಗುತ್ತಿದ್ದೆ. ಮೇಡಂಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಹುಡುಗಿಯರು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು, ಸುಳ್ಳೇನಲ್ಲ.

ಕೊನೆಯ ವರ್ಷದ ಎಸ್ತೇರ್ ಎಂಬ ಹುಡುಗಿಗೆ ಆಗ ಆಪರೇಷನ್ ಥಿಯೇಟರಿನ ಪೋಸ್ಟಿಂಗ್ ಬಿತ್ತು. ಅಂದರೆ ಆರು ವಾರ ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ನಿಂತು ಕಲಿಯುವುದು. ಅದು ಪೂರ್ತಿಯಾಗದೆ ಪರೀಕ್ಷೆಗೆ ಕೂರಿಸುವಂತಿಲ್ಲ. ಒಳಗೆ ಹೊರಗಿನ ಬಟ್ಟೆ ನಡೆಯದು. ಗಂಡಸಿರಲಿ ಹೆಂಗಸಿರಲಿ, ಸೋಂಕು ತಡೆಯಲು ಹಸಿರು ಅಂಗಿ, ಹಸಿರು ಪೈಜಾಮವನ್ನೇ ಹಾಕಬೇಕು. ಎಸ್ತೇರ್ ಪೈಜಾಮ ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟಳಂತೆ. ಅಲ್ಲಿನ ಸಿಸ್ಟರ್ ಅವಳನ್ನು ನನ್ನ ಬಳಿ ಕಳಿಸಿದರು.

"ಪಾಸ್ಟರ್ ಬ್ಯಾಡ ಅಂದಾರ್ರಿ ಮೇಡಂ. ಹೆಂಗಸರು ಗಂಡಸರ ಅರಿವಿ ಹಾಕ್ಕೊಂಡ್ರ ದೇವರಿಗೆ ಅಸಹ್ಯ ಅಂತ ಬೈಬಲ್‌ನ್ಯಾಗ ಅದರಿ," ಎಂದಳು.

ಅವಳ ತಂದೆ ಸ್ಯಾಮುವೆಲಪ್ಪ ಔರಾದದಲ್ಲಿ ಟೇಲರ್. ಅವರನ್ನು ಕರೆಸಿ ಬಾಯಿಗೆ ಬಂದಂತೆ ಬೈದೆ. ಊರಿಗೆಲ್ಲ ಪ್ಯಾಂಟು ಹೊಲಿಯುವವರ ಮನೆಯಲ್ಲಿ ಇದೆಂಥ ಮಡಿ ಎಂದು ಹಂಗಿಸಿದೆ. ಅವರು ತಲೆ ಬಗ್ಗಿಸಿ ಮಗಳನ್ನು ಊರಿಗೆ ಕರೆದುಕೊಂಡು ಹೋದರು. ಐದು ದಿನ ಅವಳ ಸುದ್ದಿಯೇ ಇರಲಿಲ್ಲ. ನನ್ನ ನಾಲಿಗೆಯಿಂದ ಒಂದು ಹುಡುಗಿಯ ಮೂರು ವರ್ಷ ಮಣ್ಣುಪಾಲಾಗುತ್ತದೆ ಎಂದು ಹೆದರಿದೆ. ಭಾನುವಾರ ಔರಾದದ ಬಸ್ಸು ಹತ್ತಿದೆ.

ಅವರದು ಬಾಡಿಗೆಯ ಹಾಲ್‌ ಒಂದರಲ್ಲಿ ನಡೆಯುವ ಚಿಕ್ಕ ಬ್ಯಾಪ್ಟಿಸ್ಟ್ ಸಭೆ, ಯಾವ ದೊಡ್ಡ ಚರ್ಚಿಗೂ ಸೇರದ್ದು. ಅಲ್ಲಿ ಬೈಬಲಿನ ಪ್ರತಿ ಅಕ್ಷರವೂ ಇದ್ದಂತೆಯೇ ಕಟ್ಟಳೆ. ತಿಳಿವಳಿಕೆ ಬಂದ ಮೇಲೆ ನೀರಿನಲ್ಲಿ ಪೂರ್ತಿ ಮುಳುಗಿ ಪಡೆದದ್ದೇ ದೀಕ್ಷಾಸ್ನಾನ. ಕೂಸಿದ್ದಾಗ ತಲೆಗೆ ಚಿಮುಕಿಸಿದ ನೀರು ಲೆಕ್ಕಕ್ಕಿಲ್ಲ. ಸಿನಿಮಾ, ಟಿವಿ, ಬಳೆ ಇಲ್ಲ. ಇವೆಲ್ಲ ಅವರವರ ನಂಬಿಕೆ ಎಂದು ಸುಮ್ಮನಿರಬಹುದಿತ್ತು. ಆದರೆ ಮಗಳನ್ನು ಓದಿಸಲು, ಮದುವೆ ಗೊತ್ತುಮಾಡಲು, ನಾಲ್ಕು ದಿನ ಪರ ಊರಿಗೆ ಹೋಗಲು ಸಹ ಪಾಸ್ಟರರ ಪರವಾನಗಿ ಬೇಕು. ಮೀರಿದವರನ್ನು ಸಭೆಯೆದುರು ನಿಲ್ಲಿಸಿ ತಪ್ಪೊಪ್ಪಿಸುತ್ತಾರೆ. ಒಪ್ಪದಿದ್ದರೆ ಹೊರಗೆ, ಆಮೇಲೆ ಸಭೆಯ ಯಾರೂ ಅವರೊಂದಿಗೆ ಮಾತಾಡುವುದಿಲ್ಲ, ಕೂತು ಉಣ್ಣುವುದಿಲ್ಲ.

"ಹಂಗಾದ್ರ ಆ ಸಭೆ ಬಿಟ್ಟುಬಿಡ್ರಿ," ಎಂದೆ ಸ್ಯಾಮುವೆಲಪ್ಪನವರಿಗೆ.

"ಹ್ಯಾಂಗ ಬಿಡಲಿರಿ? ಕುಡಿದು ಗಟಾರದಾಗ ಬಿದ್ದಿದ್ದೆ. ಎತ್ತಿ ಮನಿಗಿ ತಂದವರು ಇವರೇರಿ."

ಪ್ರಾರ್ಥನೆ ಮುಗಿದ ಮೇಲೆ ತಂದೆ ಮಗಳ ಜೊತೆ ಪಾಸ್ಟರರನ್ನು ಕಂಡೆ. ಮೆತ್ತಗೆ ಮಾತಾಡುವ ಮನುಷ್ಯ, ಚಹಾ ತರಿಸಿದರು. ಆರು ವಾರಕ್ಕೆ ಒಪ್ಪಿಗೆ ಕೊಡುತ್ತೇನೆ, ಆದರೆ ಪ್ರಾಂಶುಪಾಲರಾದ ನೀವು ನನ್ನ ಹೆಸರಿಗೆ ವಿನಂತಿ ಪತ್ರ ಬರೆದುಕೊಡಬೇಕು ಎಂದರು. ಇಷ್ಟೇ ತಾನೆ? ಗೆದ್ದೆ ಅಂದುಕೊಂಡು ಪೆನ್ನು ತೆಗೆದೆ. ಎರಡು ಸಾಲು ಬರೆದೂ ಬಿಟ್ಟೆ.

"ಬರಿಬ್ಯಾಡ್ರಿ ಮೇಡಂ," ಎಂದಳು ಎಸ್ತೇರ್. "ಇವತ್ತು ಪೈಜಾಮಕ್ಕ ನೀವು ಪರವಾನಗಿ ಕೇಳಿದ್ರ, ನಾಳೆ ನೌಕರಿಗಿ ನಾ ಕೇಳಬೇಕಾಗ್ತದರಿ. ನಾ ಹಾಕ್ಕೊಂತೇನಿ. ಪಾಪ ಇದ್ರ ದೇವರಿಗಿ ನಾನೇ ಉತ್ತರ ಕೊಡ್ತೇನಿ."

ಪಾಸ್ಟರ್ ತಂದೆಯ ಮುಖ ನೋಡಿದರು. ಮಗಳನ್ನು ತಡೆಯದಿದ್ದರೆ ಮುಂದೇನೆಂದು ಸ್ಯಾಮುವೆಲಪ್ಪನವರಿಗೆ ಚೆನ್ನಾಗಿ ಗೊತ್ತಿತ್ತು. ಮಗಳ ಕಡೆ ತಿರುಗಿ, "ಮುಂಜಾನಿ ಮೊದಲನೇ ಬಸ್ಸಿಗಿ ನಾನೇ ಹತ್ತಿಸ್ತೇನಿ," ಎಂದರು.

ಸೋಮವಾರ ಅವಳು ಥಿಯೇಟರಿನೊಳಗೆ ಹೋದಳು. ತಪ್ಪಿದ ದಿನಗಳನ್ನು ರಜೆಯಲ್ಲಿ ತುಂಬಿಸಿಕೊಟ್ಟೆವು. ಮುಂದಿನ ಭಾನುವಾರವೇ ತಂದೆ ಮಗಳಿಬ್ಬರನ್ನೂ ಸಭೆಯಿಂದ ಹೊರಗಿಟ್ಟರು.

ಎಸ್ತೇರ್ ಪಾಸಾದ ಮೇಲೆ ಸ್ಯಾಮುವೆಲಪ್ಪ ನನ್ನನ್ನು ಕಾಣಲು ಬಂದರು. ಊಟದ ಹೊತ್ತು, ನನ್ನ ಡಬ್ಬಿಯನ್ನು ಇಬ್ಬರಿಗೂ ಹಂಚಿದೆ. "ಮನಿಯವರನ್ನ ಬಿಟ್ಟು ಇನ್ನೊಬ್ಬರ ಜೋಡಿ ಉಣ್ಣಲಾರದೆ ಏಳು ತಿಂಗಳಾತ್ರಿ," ಎಂದರು. ಉಣ್ಣುವ ಮುಂಚೆ ಕಣ್ಣು ಮುಚ್ಚಿ ಪ್ರಾರ್ಥಿಸಿದರು. ಮಗಳಿಗೆ, ನನಗೆ ಒಳ್ಳೆಯದನ್ನು ಬೇಡಿದರು, ತಮ್ಮನ್ನು ಗಟಾರದಿಂದ ಎತ್ತಿದ ಸಭೆಯವರಿಗೂ ಬೇಡಿದರು. ಲಿಂಗ ಕಟ್ಟಿಕೊಂಡ ನಾನು ಅವರ ಪ್ರಾರ್ಥನೆ ಮುಗಿಯುವವರೆಗೆ ತುತ್ತು ಮುಟ್ಟಲಿಲ್ಲ.

ಯಾರದಾದರೂ ಪರವಾಗಿ ಓಡಾಡುವಾಗ ಈಗ ಮೊದಲು ಅವರನ್ನೇ ಕೇಳುತ್ತೇನೆ, ನಿಮಗೇನು ಬೇಕು ಎಂದು. ಮೂವತ್ತೊಂದು ವರ್ಷ ಕಲಿಸಿದ ನನಗೆ ಅಷ್ಟು ಸಣ್ಣ ವಿಷಯ ಗೊತ್ತಿರಲಿಲ್ಲ. ಅಂದು ನಾನು ಬರೆಯುತ್ತಿದ್ದ ಪತ್ರ ಅವಳ ಕೊರಳಿಗೆ ಇನ್ನೊಂದು ಹಗ್ಗವಾಗುತ್ತಿತ್ತು. ತಡೆದಳಲ್ಲ, ಅವಳಿಗೆ ನಾನು ಬದುಕಿರುವವರೆಗೂ ಋಣಿ.